ಕಡಲ ಬದಿಯ ನಮ್ಮ ಮನೆ: ಊರವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೇರಳದ ಕಾಸರಗೋಡು ಜಿಲ್ಲೆಯಲ್ಲಿ, ಕುಂಬಳೆಯಿಂದ ಬಡಗಿಗೆ, ಶಿರಿಯ ಹೊಳೆ ದಾಟಿದ ಮೇಲೆ, ರೈಲು ಹಳಿಗೂ ಕಡಲಿಗೂ ನಡುವಿನ ತೆಂಗಿನ ತೋಟದಲ್ಲಿ ನಮ್ಮ ಮನೆ. 14 ಸೆಂಟ್ಸ್ ಜಾಗ, ಉಬ್ಬರದ ಗೆರೆಯಿಂದ ಅಳೆದರೆ 320 ಮೀಟರ್. 2019ರ ಏಪ್ರಿಲಿನಲ್ಲಿ ಒಕ್ಕಲಾಯಿತು. ಮನೆಯವರು ಆಗ ಅಬುಧಾಬಿಯಲ್ಲಿದ್ದ ಕಾರಣ ಆರ್ಕಿಟೆಕ್ಟರ ಜೊತೆ ಕೂತದ್ದು, ಮೇಸ್ತ್ರಿಯ ಜೊತೆ ಜಗಳಾಡಿದ್ದು, ಕಚೇರಿಗಳಿಗೆ ಅಲೆದದ್ದು ಎಲ್ಲ ನಾನೇ. ಶಾಲೆಯಲ್ಲಿ ಗಣಿತ ಹೇಳಿಕೊಡುವವಳು ಹೊಯಿಗೆ, ಸಿಮೆಂಟು, ಕಬ್ಬಿಣದ ಲೆಕ್ಕ ಕಲಿತದ್ದು ಹಾಗೆ. ಅಂದಿನಿಂದ ಮದುವೆಯ ಪಂಕ್ತಿಯಲ್ಲಿ, ಮಂಗಳೂರಿಗೆ ಹೋಗುವ ರೈಲಿನಲ್ಲಿ, ಫೋನಿನ ಮೆಸೇಜಿನಲ್ಲಿ, ಗಲ್ಫಿನಿಂದ ಬಂದ ಒಂದೆರಡು ಕಾಗದದಲ್ಲೂ ಅವೇ ಪ್ರಶ್ನೆಗಳು. ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ.

## ಜಾಗ ಮತ್ತು ಕಾಗದಪತ್ರ

ಟೀಚರ್, ಕಡಲಿನಿಂದ ಎಷ್ಟು ದೂರ ಬಿಟ್ಟು ಮನೆ ಕಟ್ಟಬೇಕು?

ಎಲ್ಲ ಕಡೆಗೂ ಒಂದೇ ಉತ್ತರ ಇಲ್ಲ. ಉಬ್ಬರದ ಗೆರೆಯಿಂದ 500 ಮೀಟರಿನವರೆಗೆ ಕರಾವಳಿ ನಿಯಂತ್ರಣ ವಲಯ, ಅಂದರೆ ಎಲ್ಲರ ಬಾಯಲ್ಲಿರುವ ಸಿ.ಆರ್.ಝಡ್. ನಾವು ಅನುಮತಿ ಪಡೆದದ್ದು 2011ರ ಅಧಿಸೂಚನೆಯ ಪ್ರಕಾರ. ಅದರಲ್ಲಿ ಹಳ್ಳಿ ಕಡೆಯ ತೀರಕ್ಕೆ ಮೊದಲ 200 ಮೀಟರಿನಲ್ಲಿ ಹೊಸ ಮನೆ ಇಲ್ಲ. 200ರಿಂದ 500ರ ನಡುವೆ ಸ್ಥಳೀಯರು ವಾಸದ ಮನೆ ಕಟ್ಟಬಹುದು, ಎತ್ತರ 9 ಮೀಟರ್ ಮೀರಬಾರದು, ನೆಲ ಅಂತಸ್ತಿನ ಮೇಲೆ ಇನ್ನೊಂದೇ ಅಂತಸ್ತು.

2019ರ ಜನವರಿಯಲ್ಲಿ ಹೊಸ ಅಧಿಸೂಚನೆ ಬಂತು. ಅದರ ಪ್ರಕಾರ, 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2161ಕ್ಕಿಂತ ಹೆಚ್ಚು ಜನ ಇರುವ ಗ್ರಾಮೀಣ ತೀರದಲ್ಲಿ ಕಟ್ಟಬಾರದ ಪಟ್ಟಿ 50 ಮೀಟರ್, ಕಡಿಮೆ ಇದ್ದಲ್ಲಿ 200 ಮೀಟರ್. ಆದರೆ ರಾಜ್ಯದ ಕರಾವಳಿ ನಕ್ಷೆಗೆ ಒಪ್ಪಿಗೆ ಸಿಗದೆ ಅದು ಲಾಗೂ ಆಗುವಂತಿರಲಿಲ್ಲ. ಕೇರಳದ ನಕ್ಷೆಗೆ ಒಪ್ಪಿಗೆ ಸಿಕ್ಕಿದ್ದು 2024ರಲ್ಲಿ. ಆದ್ದರಿಂದ ಜಾಗಕ್ಕೆ ಮುಂಗಡ ಕೊಡುವ ಮೊದಲು ನಿಮ್ಮ ಸರ್ವೆ ನಂಬರು ಆ ನಕ್ಷೆಯಲ್ಲಿ ಯಾವ ಬಣ್ಣದಲ್ಲಿ ಬಿದ್ದಿದೆ ಎಂದು ಪಂಚಾಯತಿನಲ್ಲಿ ನೋಡಿಕೊಳ್ಳಿ. ಇನ್ನೊಂದು ಮಾತು: ಹತ್ತಿರ ಹೊಳೆ, ಅಳಿವೆ ಇದ್ದು ಅಲ್ಲಿಗೆ ಉಬ್ಬರದ ನೀರು ಏರುವುದಾದರೆ ಅದರ ದಂಡೆಗೂ ಬೇರೆ ಗೆರೆ ಉಂಟು. ಕಡಲಿನಿಂದ ದೂರ ಇದ್ದೇವೆ ಎಂದು ನೆಮ್ಮದಿಯಲ್ಲಿದ್ದವರು ಹೊಳೆಯ ಗೆರೆಯಲ್ಲಿ ಸಿಕ್ಕಿಬಿದ್ದದ್ದನ್ನು ನೋಡಿದ್ದೇನೆ.

ಆಚೆಯವರು ಕಡಲಿಗೆ ತಾಗಿಯೇ ಕಟ್ಟಿದ್ದಾರಲ್ಲ, ನಮಗೆ ಮಾತ್ರ ಕಾನೂನಾ?

ಆಚೆಯವರದ್ದು 1991ರ ಮೊದಲ ಅಧಿಸೂಚನೆಗಿಂತ ಹಳೆಯ ಮನೆಯಾಗಿರಬಹುದು, ಮೀನುಗಾರರ ಹಕ್ಕಿನಲ್ಲಿ ಕಟ್ಟಿದ್ದಾಗಿರಬಹುದು, ಸುಮ್ಮನೆ ಯಾರೂ ಕೇಳದೆ ಉಳಿದದ್ದೂ ಆಗಿರಬಹುದು. ಕೊಚ್ಚಿಯ ಮರಡಿನ ಫ್ಲ್ಯಾಟುಗಳಿಗೂ ಪಂಚಾಯತಿನ ಅನುಮತಿ ಇತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2020ರ ಜನವರಿ 11 ಮತ್ತು 12ರಂದು ಅವು ಮಣ್ಣಾದದ್ದನ್ನು ನಾವೆಲ್ಲ ಟಿವಿಯಲ್ಲಿ ನೋಡಿದೆವು.

ಜಾಗ ರೈಲು ಹಳಿಯ ಬದಿಯಲ್ಲೇ ಇದೆ, ತೊಂದರೆ ಉಂಟಾ?

ರೈಲ್ವೆಯ ಗಡಿಕಲ್ಲಿನಿಂದ 30 ಮೀಟರಿನ ಒಳಗಾದರೆ ರೈಲ್ವೆಯ ಒಪ್ಪಿಗೆ ಪತ್ರ ಬೇಕು. ಹಳಿಯಿಂದ ಅಳೆಯಬೇಡಿ, ಗಡಿಕಲ್ಲಿನಿಂದ ಅಳೆಯಿರಿ. ನಮ್ಮ ಊರುಗಳಲ್ಲಿ ಹಳಿ ಕಡಲಿಗೆ ಅಷ್ಟು ಹತ್ತಿರ ಓಡುವುದರಿಂದ ಮೂಡಲಿಂದ ರೈಲ್ವೆ, ಪಡುವಲಿಂದ ಸಿ.ಆರ್.ಝಡ್. ಒತ್ತಿ, ನಡುವೆ ಮನೆಗೆ ಉಳಿಯುವುದು ಒಂದು ಪಟ್ಟಿ ಅಷ್ಟೆ.

ಜಾಗದ ಆಧಾರಪತ್ರದಲ್ಲಿ ‘ನಿಲಂ’, ಅಂದರೆ ಗದ್ದೆ, ಅಂತ ಇದೆ. ಈಗ ಅಲ್ಲಿ ಗದ್ದೆಯೇ ಇಲ್ಲ.

ಗದ್ದೆ ಕಣ್ಣಿಗೆ ಕಾಣದಿದ್ದರೂ ಕಾಗದದಲ್ಲಿ ಇದ್ದರೆ ಇದ್ದ ಹಾಗೆಯೇ. ಕೇರಳದ 2008ರ ಭತ್ತದ ಗದ್ದೆ ಸಂರಕ್ಷಣಾ ಕಾಯ್ದೆ ನಿಮಗೆ ತಾಗುತ್ತದೆ. ಮೊದಲು ಗದ್ದೆಗಳ ಸರಕಾರಿ ಪಟ್ಟಿಯಾದ ಡಾಟಾ ಬ್ಯಾಂಕಿನಲ್ಲಿ ನಿಮ್ಮ ಜಾಗ ಸೇರಿದೆಯೇ ನೋಡಿ. ಆ ಕೆಲಸ ಮುಗಿಯುವ ತನಕ ಆರ್ಕಿಟೆಕ್ಟರನ್ನು ಹುಡುಕಿ ಲಾಭವಿಲ್ಲ.

ಅರ್ಜಿ ಕನ್ನಡದಲ್ಲಿ ಕೊಡಬಹುದಾ?

ಕೊಡಬಹುದು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ ಅಲ್ಪಸಂಖ್ಯಾತರು ಸರಕಾರದೊಂದಿಗೆ ಕನ್ನಡದಲ್ಲೇ ವ್ಯವಹರಿಸಬಹುದೆಂದು ಇದೆ. ನಾನು ಕೊಟ್ಟೆ. ಒಂದು ಕಚೇರಿಯಲ್ಲಿ “ಟೀಚರೇ, ಓದುವವರು ರಜೆಯಲ್ಲಿದ್ದಾರೆ” ಎಂದು ಎರಡು ವಾರ ಫೈಲು ಮೇಜಿನ ಮೇಲೆಯೇ ಕೂತಿತ್ತು. ಕೊನೆಗೆ ಅರ್ಜಿ ಹಿಂದೆ ತೆಗೆಯದೆ, ಜೊತೆಗೆ ಮಲಯಾಳದ ಒಂದು ಪ್ರತಿ ಬರೆಸಿ ಕೊಟ್ಟೆ. ಹಕ್ಕೂ ಉಳಿಯಿತು, ಕೆಲಸವೂ ಆಯಿತು. ಈಗ ಪಂಚಾಯತಿನ ಅರ್ಜಿ ಕೆ-ಸ್ಮಾರ್ಟ್ ಮೂಲಕ ಆನ್‌ಲೈನ್ ಹೋಗುತ್ತದೆ, ಆ ಮೇಜಿಗೆ ಕೆಲಸ ಕಡಿಮೆಯಾಗಿರಬೇಕು.

## ಆರ್ಕಿಟೆಕ್ಟ್ ಮತ್ತು ನಕ್ಷೆ

ಮೇಸ್ತ್ರಿಯೇ ಪ್ಲಾನು ಹಾಕಿಕೊಡುತ್ತಾರೆ. ಆರ್ಕಿಟೆಕ್ಟಿಗೆ ದುಡ್ಡು ಯಾಕೆ ಕೊಡಬೇಕು?

ರಸ್ತೆ ಬದಿಯ ಸಾಧಾರಣ ಜಾಗವಾಗಿದ್ದರೆ ನಾನೂ ಕೊಡುತ್ತಿರಲಿಲ್ಲವೋ ಏನೋ. ಕಡಲ ಬದಿಯ ಕಷ್ಟ ಬೇರೆ. ನಮ್ಮ ಆರ್ಕಿಟೆಕ್ಟ್ ಮೊದಲ ಸಲ ಬಂದದ್ದು ಮಾರ್ಚಿನ ಮಧ್ಯಾಹ್ನ ಮೂರೂವರೆಗೆ, ಬೇಕೆಂದೇ. ಎರಡನೆಯ ಸಲ ಜುಲೈಯಲ್ಲಿ, ಗಾಳಿಮಳೆಯಲ್ಲಿ, ಕೊಡೆ ತಿರುಗಿ ಬಿದ್ದದ್ದನ್ನು ಕೈಯಲ್ಲಿ ಹಿಡಿದುಕೊಂಡು. ಎಷ್ಟು ಕೋಣೆ ಬೇಕು ಎಂದು ಕೇಳಲಿಲ್ಲ. ಅತ್ತೆ ಹಪ್ಪಳ ಒಣಗಿಸುವುದೆಲ್ಲಿ, ಬೆಳಗ್ಗೆ ಕಾಫಿ ಕುಡಿಯುವುದು ಯಾವ ಬದಿ ಕೂತು, ಮಳೆಗಾಲದಲ್ಲಿ ಯಾವ ಬಾಗಿಲು ಮುಚ್ಚಿಡುತ್ತೀರಿ ಎಂದು ಕೇಳಿದರು. ಆಮೇಲೆ ಹೊಯಿಗೆಯ ಮೇಲೆ ಕಡ್ಡಿಯಿಂದ ಒಂದು ಬಾಣ ಎಳೆದು, “ನೋಡಿ, ನಿಮಗೆ ಬೇಕಾದ ಕಡಲು ಬರುವುದು ಈ ಕಡೆಯಿಂದ. ಬೇಡದ ಮೂರು, ಸಂಜೆ ಬಿಸಿಲು, ಓರೆಮಳೆ, ಉಪ್ಪು, ಅವೂ ಬರುವುದು ಇದೇ ಕಡೆಯಿಂದ” ಎಂದರು.

ನಮ್ಮ ಮನೆಯ ನಕ್ಷೆಯೆಲ್ಲ ಆ ಒಂದು ಬಾಣದ ಜೊತೆ ಮಾಡಿಕೊಂಡ ರಾಜಿ. ಕೆಳಗಿನ ಉತ್ತರಗಳಲ್ಲಿ ಅದು ಮತ್ತೆ ಮತ್ತೆ ತಲೆ ಹಾಕುತ್ತದೆ.

ಒಂದು ಎಚ್ಚರಿಕೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ನೋಂದಣಿ ಆದವರು ಮಾತ್ರ ತಮ್ಮನ್ನು ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಬೋರ್ಡಿನಲ್ಲಿ ಬರೆದುಕೊಂಡವರೆಲ್ಲ ಹಾಗಲ್ಲ. ನೋಂದಣಿ ಸಂಖ್ಯೆ ಕೇಳಿದರೆ ನಿಜವಾದವರಿಗೆ ಸಿಟ್ಟು ಬರುವುದಿಲ್ಲ.

ಕಡಲು ಕಾಣಲೆಂದೇ ಅಲ್ಲಿ ಕಟ್ಟಿದ್ದು. ಹಾಗಿದ್ದೂ ಪಡುಬದಿಗೆ ಗಾಜಿನ ಗೋಡೆ ಇಲ್ಲ, ಮೇಲೆ ಸಣ್ಣ ಕಿಟಕಿ. ಯಾಕೆ?

ಇದು ನನಗೆ ಅತಿ ಹೆಚ್ಚು ಸಲ ಬಂದ ಪ್ರಶ್ನೆ. ನಾನೂ ಆರ್ಕಿಟೆಕ್ಟರಿಗೆ ಮೊದಲು ತೋರಿಸಿದ್ದು ಫೋನಿನಲ್ಲಿ ಇಟ್ಟುಕೊಂಡಿದ್ದ ಗಾಜಿನ ಮನೆಯ ಚಿತ್ರವನ್ನೇ. ಅವರು ವಾದ ಮಾಡಲಿಲ್ಲ, ಒಂದು ಲೆಕ್ಕ ಕೊಟ್ಟರು. ಗಣಿತದವಳಿಗೆ ಅಷ್ಟು ಸಾಕಾಯಿತು.

ಸೂರ್ಯ ಮುಳುಗುವ ಎರಡು ಗಂಟೆ ಮೊದಲು ನಮ್ಮಲ್ಲಿ ಬಿಸಿಲಿನ ಎತ್ತರ ಸುಮಾರು 29 ಡಿಗ್ರಿ. ಪಡುಗೋಡೆಯಲ್ಲಿ 8 ಅಡಿ ಎತ್ತರದ ಗಾಜು ಇಟ್ಟು ಅದಕ್ಕೆ ಪೂರ್ತಿ ನೆರಳು ಬೇಕಾದರೆ ಮೇಲಿನ ಸಜ್ಜೆ 14 ಅಡಿಗೂ ಹೆಚ್ಚು ಹೊರಗೆ ಚಾಚಬೇಕು. ಸಾಧಾರಣವಾಗಿ ನಾವು ಹಾಕುವ ಎರಡಡಿ ಸಜ್ಜೆ ನೆರಳು ಕೊಡುವುದು ಒಂದಡಿ ಚಿಲ್ಲರೆಗೆ. ಉಳಿದ ಗಾಜೆಲ್ಲ ಬಿಸಿಲಿಗೆ. ಜೊತೆಗೆ ಸೂರ್ಯ ಒಂದೇ ಕಡೆ ಮುಳುಗುವುದೂ ಇಲ್ಲ. ಡಿಸೆಂಬರ ಕೊನೆಗೆ ನೇರ ಪಡುವಣದಿಂದ 24 ಡಿಗ್ರಿ ತೆಂಕಿಗೆ, ಜೂನ್ ಕೊನೆಗೆ ಅಷ್ಟೇ ಬಡಗಿಗೆ. ಒಂದು ಅಡ್ಡಗೋಡೆ ಕಟ್ಟಿ ತಡೆಯುವ ವಿಷಯವಲ್ಲ.

ಹಾಗಾದರೆ ಮಾಡಿದ್ದೇನು? ಚಾವಡಿಗೂ ಕಡಲಿಗೂ ನಡುವೆ 9 ಅಡಿ ಅಗಲದ ಜಗಲಿ, ಅದರ ಇಳಿಮಾಡು ಮುಂದೆ 7 ಅಡಿಯ ತನಕ ತಗ್ಗುತ್ತದೆ. ಈಗ ಅದೇ 29 ಡಿಗ್ರಿಯ ಬಿಸಿಲು ಸೂರಿನ ಕೆಳಗಿಂದ ತೂರಿ ಬಂದರೆ ಚಾವಡಿಯ ಬಾಗಿಲಿಗೆ ನೆಲದಿಂದ ಎರಡಡಿ ಎತ್ತರಕ್ಕೆ ಮಾತ್ರ ತಾಗುತ್ತದೆ. ಕೂತರೆ ಕಣ್ಣಿನ ಮಟ್ಟಕ್ಕೆ ತೆಂಗಿನ ಬುಡಗಳ ನಡುವೆ ಕಡಲಿನ ಒಂದು ಪಟ್ಟಿ. ಇಡೀ ಗೋಡೆಯಷ್ಟು ಕಡಲಿಗಿಂತ ಆ ಪಟ್ಟಿಯೇ ನನಗೆ ಹೆಚ್ಚು ಇಷ್ಟವಾಗಿಬಿಟ್ಟಿದೆ. ಮೇಲಿನ ಕೋಣೆಗೆ ಜಗಲಿ ಇಲ್ಲ, ಅದಕ್ಕೇ ಅಲ್ಲಿ ಎರಡಡಿ ಅಗಲದ ಕಿಟಕಿ, ಗೋಡೆಯ ದಪ್ಪದ ಒಳಗೆ ಹಿಂದಕ್ಕೆ ಸರಿಸಿ ಕೂರಿಸಿದ್ದು. ಗಾಳಿ ಹೊರಹೋಗಲು ಮೂಡುಗೋಡೆಯಲ್ಲಿ ಅದಕ್ಕಿಂತ ದೊಡ್ಡದು.

ಮಳೆಗಾಲಕ್ಕೆ ಇನ್ನೊಂದು ಉಪಾಯ. ನನ್ನ ಅಜ್ಜನ ಮನೆಯಲ್ಲಿ ಮೇ ಕೊನೆಗೆ ಜಗಲಿಯ ಪಡುಬದಿಗೆ ಮಡಲಿನ ತಟ್ಟಿ ಕಟ್ಟುತ್ತಿದ್ದರು, ನವರಾತ್ರಿ ಕಳೆದು ಬಿಚ್ಚುತ್ತಿದ್ದರು. ಅದನ್ನು ಹೇಳಿದ್ದೇ ಆರ್ಕಿಟೆಕ್ಟ್ ಅಡಿಕೆಮರದ ಸಲಕೆಗಳನ್ನು ಓರೆಯಾಗಿ ಜೋಡಿಸಿ ಆರು ತಟ್ಟಿ ಮಾಡಿಸಿದರು. ಮೇಲೆ ಕೊಕ್ಕೆ, ಕೆಳಗೆ ಚಿಲಕ. ಇಬ್ಬರು ಸೇರಿದರೆ ಅರ್ಧ ಗಂಟೆಯ ಕೆಲಸ. ಜೂನಿನಿಂದ ಸೆಪ್ಟೆಂಬರಿನ ತನಕ ಕಡಲು ಸಲಕೆಯ ಎಡೆಯಿಂದ ಗೆರೆಗೆರೆಯಾಗಿ ಕಾಣುತ್ತದೆ. ಸಲಕೆ ಮೂರು ನಾಲ್ಕು ವರ್ಷಕ್ಕೊಮ್ಮೆ ಬದಲಾಗಬೇಕು, ನಾವು ಒಮ್ಮೆ ಬದಲಿಸಿಯಾಯಿತು.

ಪಡುಮುಖದ ಮನೆ ವಾಸ್ತು ಪ್ರಕಾರ ಆಗುವುದಿಲ್ಲವಂತೆ?

ನಮ್ಮ ಮನೆ ಮೂಡುಮುಖದ್ದು. ಕಾಸರಗೋಡಿನ ಉದ್ದಕ್ಕೂ ಕಡಲು ಪಡುವಣಕ್ಕೆ, ದಾರಿ ಮೂಡಣಕ್ಕೆ. ಹೆಬ್ಬಾಗಿಲು ದಾರಿಯ ಕಡೆಗಿಟ್ಟರೆ ವಾಸ್ತುವಿನವರಿಗೂ ಸಮಾಧಾನ, ಬಾಗಿಲಿನ ಮರಕ್ಕೂ ಸಮಾಧಾನ.

ಹೊಸ ಮನೆಗೆ ಹಂಚಿನ ಮಾಡು ಯಾಕೆ? ಬಡವರ ಮನೆಯ ಹಾಗೆ ಕಾಣುವುದಿಲ್ಲವಾ?

ಹಾಗೆ ನೇರ ಕೇಳಿದ್ದು ನನ್ನ ಚಿಕ್ಕಮ್ಮ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಊರು ನಮ್ಮದು, ಅದರ ಬಹುಪಾಲು ನಾಲ್ಕೇ ತಿಂಗಳಲ್ಲಿ. ಚಪ್ಪಟೆ ತಾರಸಿ ಕಟ್ಟಿ, ಸೋರಿ, ಮೇಲೆ ತಗಡಿನ ಶೀಟು ಹಾಕಿದ ಎಷ್ಟು ಮನೆ ಬೇಕು ನಿಮಗೆ, ಕುಂಬಳೆಯಿಂದ ಮಂಜೇಶ್ವರಕ್ಕೆ ಹೋಗುವಾಗ ಬಸ್ಸಿನ ಕಿಟಕಿಯಿಂದ ಎಣಿಸಿ. ತಗಡು ಉಪ್ಪುಗಾಳಿಗೆ ಕೆಲವೇ ವರ್ಷಕ್ಕೆ ತೂತು. ಹಂಚಿಗೆ ತುಕ್ಕು ಹಿಡಿಯುವುದಿಲ್ಲ. 1865ರಲ್ಲಿ ಬಾಸೆಲ್ ಮಿಶನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಇಟ್ಟ ಮೇಲೆ ಈ ತೀರದ ಮನೆಗಳೆಲ್ಲ ಹೊದ್ದದ್ದು ಅದನ್ನೇ.

ನಮ್ಮದರಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆ ಹಂಚು. ಕೆಡವಿದ ಒಂದು ಶಾಲೆಯ ಕಟ್ಟಡದ್ದು, ಒಂದೊಂದನ್ನೂ ತಟ್ಟಿ ಶಬ್ದ ಕೇಳಿ ಆರಿಸಿದ್ದು. ಕಣಕಣ ಎಂದರೆ ಒಳ್ಳೆಯದು, ಬೊದ್ದೆಂದರೆ ಬಿರುಕು. ಪಡುಸೂರಿನ ಮೊದಲ ಮೂರು ಸಾಲು ಹಂಚನ್ನು ರೀಪಿಗೆ ತಾಮ್ರದ ತಂತಿಯಿಂದ ಬಿಗಿದಿದ್ದೇವೆ. ಗಾಳಿ ಹಂಚನ್ನು ಒತ್ತುವುದಕ್ಕಿಂತ ಹೆಚ್ಚಾಗಿ ಅಡಿಯಿಂದ ಎತ್ತುತ್ತದೆ. ನಡುಮನೆಯ ಮೇಲೆ ಮಾತ್ರ ಸ್ಲ್ಯಾಬ್ ಇದೆ. ಅದರಲ್ಲೂ ಲಾರಿ ಬೇಕರ್ ಕೇರಳದಲ್ಲಿ ಬಳಕೆಗೆ ತಂದ ರೀತಿಯಲ್ಲಿ, ಕಬ್ಬಿಣದ ಚೌಕಗಳ ನಡುವೆ ಹಳೆ ಹಂಚನ್ನೇ ಜೋಡಿಯಾಗಿ ಇಟ್ಟು ಕಾಂಕ್ರೀಟು ಸುರಿದದ್ದು. ಕಾಂಕ್ರೀಟೂ ಉಳಿಯಿತು, ಸೆಕೆಯೂ ಸ್ವಲ್ಪ ಕಡಿಮೆ.

## ಕಟ್ಟುವಾಗ

ಹೊಯಿಗೆಯ ಮೇಲೆ ಮನೆ ನಿಲ್ಲುತ್ತದಾ?

ನಿಲ್ಲುತ್ತದೆ, ಹೊಯಿಗೆ ಓಡಿಹೋಗದ ಹಾಗೆ ನೋಡಿಕೊಂಡರೆ. ಒತ್ತಾಗಿ ಕೂತ ಹೊಯಿಗೆ ಕೆಟ್ಟ ನೆಲವಲ್ಲ. ಜೇಡಿಯ ಹಾಗೆ ಉಬ್ಬಿ ಕುಗ್ಗುವುದಿಲ್ಲ. ತೊಂದರೆ ಕೊಡುವುದು ಸಡಿಲ ಪದರ ಮತ್ತು ಮೇಲೆಯೇ ಸಿಗುವ ನೀರು. ಮಣ್ಣು ಪರೀಕ್ಷೆ ಮಾಡಿಸಿ, ಅದಕ್ಕೆ ಕೊಟ್ಟ ಹಣವನ್ನು ಮೇಸ್ತ್ರಿ ಆಡಿಕೊಂಡರೂ ಚಿಂತೆಯಿಲ್ಲ. ನಮ್ಮ ಪಂಚಾಂಗ, ಅಂದರೆ ಅಡಿಪಾಯ, ಕರಿಕಲ್ಲಿನದ್ದು, ಅದರ ಮೇಲೆ ಸುತ್ತಲೂ ಕಾಂಕ್ರೀಟಿನ ಬೆಲ್ಟು, ನೆಲ ಅಂಗಳದಿಂದ ಎರಡೂವರೆ ಅಡಿ ಎತ್ತರಕ್ಕೆ. ಅಗೆಯುವ ಕೆಲಸ ಮಾರ್ಚ್–ಏಪ್ರಿಲಿನಲ್ಲಿ, ಬಾವಿಯ ನೀರು ತಳ ಕಂಡ ಹೊತ್ತಿಗೆ.

ಕಡಲ ಬದಿ ಸ್ಲ್ಯಾಬ್ ಕಳಚಿ ಬೀಳುತ್ತದೆ. ನಿಮ್ಮದು ಬೀಳದ ಹಾಗೆ ಏನು ಮಾಡಿದಿರಿ?

ಕಳಚಿ ಬೀಳುವುದು ಕಾಂಕ್ರೀಟಿನ ಸೋಲಲ್ಲ, ಒಳಗಿನ ಕಬ್ಬಿಣದ್ದು. ಗಾಳಿಯಲ್ಲಿ ಬಂದ ಉಪ್ಪಿನ ಕ್ಲೋರೈಡು ಕಾಂಕ್ರೀಟಿನ ಸಣ್ಣ ರಂಧ್ರಗಳ ಮೂಲಕ ವರ್ಷಗಟ್ಟಲೆ ಒಳಗಿಳಿದು ಕಂಬಿಗೆ ತಲುಪುತ್ತದೆ. ಸಿಮೆಂಟಿನ ಕ್ಷಾರದಿಂದ ಕಂಬಿಯ ಮೇಲೆ ಕೂತಿದ್ದ ರಕ್ಷೆಯ ಪೊರೆಯನ್ನು ಒಡೆಯುತ್ತದೆ. ತುಕ್ಕಾದ ಕಬ್ಬಿಣಕ್ಕೆ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ಬೇಕು. ಸಿಗದಿದ್ದರೆ ಕಾಂಕ್ರೀಟನ್ನೇ ಒಡೆದು ಹೊರಬರುತ್ತದೆ.

ಅದಕ್ಕೆ ಮದ್ದೆಂದರೆ ಆ ದಾರಿಯನ್ನು ಉದ್ದ ಮಾಡುವುದು, ಕಷ್ಟ ಮಾಡುವುದು. ಐ.ಎಸ್. 456 ಎಂಬ ಭಾರತೀಯ ಮಾನಕದಲ್ಲಿ ಕಡಲ ಗಾಳಿಗೆ ತೆರೆದುಕೊಂಡ ಕಾಂಕ್ರೀಟಿಗೆ ಕನಿಷ್ಠ ಎಂ-30 ದರ್ಜೆ, ಒಂದು ಘನ ಮೀಟರಿಗೆ 320 ಕಿಲೋ ಸಿಮೆಂಟು, ನೀರು–ಸಿಮೆಂಟಿನ ಅನುಪಾತ 0.45ಕ್ಕಿಂತ ಹೆಚ್ಚಿಲ್ಲ, ಕಂಬಿಯ ಹೊರಗೆ 45 ಮಿಲಿಮೀಟರ್ ಕವರು, ಅಂದರೆ ಕಾಂಕ್ರೀಟಿನ ಹೊದಿಕೆ, ಎಂದಿದೆ. ನಮ್ಮ ಕಡೆ ಮನೆಗಳಿಗೆ ಅದಕ್ಕಿಂತ ಕಡಿಮೆ ಬಲದ ಎಂ-20 ಹಾಕುವುದೇ ರೂಢಿ. ಅನುಪಾತ ಎಂದರೆ ಮೇಸ್ತ್ರಿಗೆ ತಲೆಗೆ ಹೋಗಲಿಲ್ಲ. “50 ಕಿಲೋದ ಚೀಲಕ್ಕೆ ಇಪ್ಪತ್ತೆರಡೂವರೆ ಲೀಟರು ನೀರು, ಹೊಯಿಗೆಯ ತೇವವೂ ಅದರೊಳಗೆ ಬರಬೇಕು” ಎಂದೆ. “ಅಷ್ಟರಲ್ಲಿ ಕಲಸಲಿಕ್ಕೇ ಆಗುವುದಿಲ್ಲ ಟೀಚರ್” ಎಂದರು. ನಿಜವೇ. ಕಲಸಲು ಸಡಿಲ ಮಾಡುವ ಒಂದು ದ್ರಾವಣ ಸಿಗುತ್ತದೆ, ಅದನ್ನು ಆರ್ಕಿಟೆಕ್ಟ್ ಮೊದಲೇ ಲೆಕ್ಕದಲ್ಲಿ ಸೇರಿಸಿದ್ದರು.

ಕವರಿನದ್ದು ದೊಡ್ಡ ಕಥೆ. ಸ್ಲ್ಯಾಬಿನ ಹಿಂದಿನ ದಿನ ಸಂಜೆ ಶಾಲೆಯಿಂದ ನೇರ ಬಂದು, ಚೀಲದಲ್ಲಿದ್ದ ಸ್ಟೀಲಿನ ಸ್ಕೇಲನ್ನು ಕಂಬಿಯ ಅಡಿಗೆ ನಿಲ್ಲಿಸಿದೆ. ಒಂದು ಕಡೆ 20 ಮಿಲಿಮೀಟರ್, ಇನ್ನೊಂದು ಕಡೆ ಕಂಬಿ ಹಲಗೆಗೆ ತಾಗಿಯೇ ಮಲಗಿದೆ. ಅಡಿಗೆ ಇಟ್ಟದ್ದು ಜಲ್ಲಿಯ ಚೂರುಗಳು. ಮರುದಿನದ ಕೆಲಸ ನಿಲ್ಲಿಸಿದೆ, 45 ಮಿಲಿಮೀಟರಿನ ಅಚ್ಚಿನ ಬಿಲ್ಲೆ ಮಂಗಳೂರಿನಿಂದ ತರಿಸಿದೆ. ಆ ದಿನ ಮೇಸ್ತ್ರಿ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಅವರೇ ಸ್ಕೇಲು ಕೇಳಿ ಇಸ್ಕೊಂಡರು.

ಇನ್ನೂ ಕೆಲವು: ಕಡಲ ಹೊಯಿಗೆ ಒಂದು ಬುಟ್ಟಿಯೂ ಬೇಡ, ತೊಳೆದು ಹಾಕುತ್ತೇವೆ ಎಂದರೂ ಬೇಡ. ಕಲಸುವ ನೀರನ್ನು ಪರೀಕ್ಷೆ ಮಾಡಿಸಿ, ಕಂಬಿ ಇರುವ ಕಾಂಕ್ರೀಟಿಗೆ ಲೀಟರಿಗೆ 500 ಮಿಲಿಗ್ರಾಮಿಗಿಂತ ಹೆಚ್ಚು ಕ್ಲೋರೈಡ್ ಇರಬಾರದು. ಸ್ಲ್ಯಾಗ್ (ಕಬ್ಬಿಣದ ಕಿಟ್ಟ) ಅಥವಾ ಹಾರುಬೂದಿ ಸೇರಿದ ಸಿಮೆಂಟು ಕ್ಲೋರೈಡನ್ನು ಹೆಚ್ಚು ತಡೆಯುತ್ತದೆ, ಆದರೆ ಅದಕ್ಕೆ ನೀರು ಹೆಚ್ಚು ದಿನ ಕಟ್ಟಬೇಕು. ನಾವು ಕಟ್ಟಿದ್ದು 14 ದಿನ. ಎಪಾಕ್ಸಿ ಬಳಿದ ಕಂಬಿಯನ್ನು ನಾವು ಬಿಟ್ಟೆವು. ಬಗ್ಗಿಸುವಾಗ, ಎಳೆದಾಡುವಾಗ ಗೀರಿದಲ್ಲೆಲ್ಲ ತುಕ್ಕು ಒಂದೇ ಕಡೆ ಕೊರೆಯುತ್ತದೆ, ನಮ್ಮ ಕೆಲಸಗಾರರು ಕಂಬಿಯನ್ನು ಹೂವಿನ ಹಾಗೆ ಎತ್ತಿಡುವವರಲ್ಲ.

ಕೊನೆಗೆ, ಪಡುಬದಿಯಲ್ಲಿ ತೆಳು ಕಾಂಕ್ರೀಟು ಇಡಲೇಬೇಡಿ. ಮೂರಿಂಚಿನ ಸಜ್ಜೆಯಲ್ಲಿ ಮೇಲೆ ಕೆಳಗೆ 45 ಮಿಲಿಮೀಟರ್ ಕವರು ಎಲ್ಲಿಂದ ಬರಬೇಕು? ಊರಿನಲ್ಲಿ ಮೊದಲು ಉದುರಿದ್ದನ್ನು ನೋಡಿ, ಎಲ್ಲವೂ ಸಜ್ಜೆಗಳೇ.

ಮುರಕಲ್ಲು ಸಾಕಾ, ಸಿಮೆಂಟ್ ಬ್ಲಾಕ್ ಒಳ್ಳೆಯದಾ?

17ನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪ ನಾಯಕ ಕಟ್ಟಿಸಿದ ಬೇಕಲ ಕೋಟೆ ಕಡಲಿಗೆ ಕಾಲು ಚಾಚಿ ನಿಂತಿರುವುದು ಇದೇ ಕಲ್ಲಿನಲ್ಲಿ. ಫ್ರಾನ್ಸಿಸ್ ಬುಕಾನನ್ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು 1807ರಲ್ಲಿ, ಮಲಬಾರಿನಲ್ಲಿ ಜನ ಮೆತ್ತಗಿನ ನೆಲದಿಂದ ಇಟ್ಟಿಗೆಯ ಹಾಗೆ ಕೊಯ್ಯುವುದನ್ನು ಕಂಡು. ಕೊಯ್ದ ಮೇಲೆ ಗಾಳಿಗೆ ಗಟ್ಟಿಯಾಗುವ ಕಲ್ಲು, ಆದ್ದರಿಂದ ಕೋರೆಯಿಂದ ಬಂದದ್ದನ್ನು ಮರುದಿನವೇ ಗೋಡೆಗೆ ಏರಿಸಬೇಡಿ. ನಾವು ಒಂದು ಬೇಸಗೆ ಅಂಗಳದಲ್ಲಿ ಒಟ್ಟಿದ್ದೆವು.

ಕಲ್ಲಿಗೆ ಒಂದು ದುರಭ್ಯಾಸ: ನೀರು ಹೀರುತ್ತದೆ. ಉಪ್ಪುನೀರು ಬುಡದಿಂದ ಏರಿ, ಒಣಗಿ, ಹರಳಾಗಿ, ಮುಖವನ್ನು ಪುಡಿ ಮಾಡುತ್ತದೆ. ಅದಕ್ಕೇ ಪಂಚಾಂಗ ಕರಿಕಲ್ಲು, ಅದರ ಮೇಲೆ ನೀರು ತಡೆಯುವ ಪದರ, ಆಮೇಲೆ ಮುರಕಲ್ಲು. ಜಗಲಿಯ ನೆರಳಿನೊಳಗಿನ ಗೋಡೆಗೆ ಸಾರಣೆ ಇಲ್ಲ, ಕಲ್ಲಿನ ಕೆಂಪು ಹಾಗೆಯೇ ಇದೆ. ಮಳೆ ಹೊಡೆಯುವ ಮೇಲಂತಸ್ತಿನ ಪಡುಗೋಡೆಗೆ ಸಾರಣೆ ಮಾಡಿ ಸುಣ್ಣ ಬಳಿದಿದ್ದೇವೆ.

ಬಾಗಿಲು ಕಿಟಕಿಗೆ ಮರವಾ, ಅಲ್ಯೂಮಿನಿಯಮ್ಮಾ?

ದಾರಂದ ಬೋಗಿಮರದ್ದು, ಬಾಗಿಲ ಹಲಗೆ ನಮ್ಮದೇ ತೋಟದ ಹಲಸು. ಮೇಲಿನ ಕಿಟಕಿಗಳು ಯುಪಿವಿಸಿ. ಮರ, ಪ್ಲಾಸ್ಟಿಕ್ಕು, ಅಲ್ಯೂಮಿನಿಯಮ್ ಯಾವುದಾದರೂ ಬಾಳುತ್ತದೆ. ಕೈಕೊಡುವುದು ಬಿಜಾಗ್ರಿ, ಸ್ಕ್ರೂ, ಚಿಲಕ. ಸ್ಟೇನ್‌ಲೆಸ್ ಎಂದರೆ ಸಾಲದು, 304 ದರ್ಜೆಯದ್ದು ಕಡಲ ಬದಿಯಲ್ಲಿ ಚಹಾ ಚೆಲ್ಲಿದ ಹಾಗೆ ಕಂದು ಕಲೆ ಹಿಡಿಯುತ್ತದೆ. 316ರಲ್ಲಿ ಮಾಲಿಬ್ಡಿನಮ್ ಎಂಬ ಲೋಹ ಇರುವುದರಿಂದ ತಡೆಯುತ್ತದೆ. ನನಗೆ ಒಂದು ಅಂಗಡಿಯವರು 316 ಎಂದು ಬಿಲ್ಲು ಮಾಡಿ ಕೊಟ್ಟ ಬಿಜಾಗ್ರಿ ಎಂಟು ತಿಂಗಳಲ್ಲಿ ಕಂದಾಯಿತು. ಅಯಸ್ಕಾಂತ ಹಿಡಿದು ನೋಡಿದರೆ ಗೊತ್ತಾಗುವುದಿಲ್ಲ, ಎರಡೂ ಅಂಟುವುದಿಲ್ಲ. ಮಾಲಿಬ್ಡಿನಮ್ ತೋರಿಸುವ ಒಂದು ಹನಿ ಪರೀಕ್ಷೆ ಉಂಟು, ನನಗೆ ಅದು ತಿಳಿದದ್ದು ದುಡ್ಡು ಕೊಟ್ಟ ಮೇಲೆ.

## ವಾಸಕ್ಕೆ ಬಂದ ಮೇಲೆ

ಬಾವಿಯ ನೀರು ಉಪ್ಪಲ್ಲವಾ?

ಅಲ್ಲ. ಬದಿಯಡ್ಕ, ಎಣ್ಮಕಜೆಯ ಗುಡ್ಡದವರು ಮುರಕಲ್ಲಿನೊಳಗೆ ಅಡ್ಡಕ್ಕೆ ಸುರಂಗ ಕೊರೆದು ನೀರು ಹುಡುಕಿದರು. ನಾವು ಕಡಲಿನವರು ತದ್ವಿರುದ್ಧ, ಆಳಕ್ಕೆ ಹೋಗದೇ ಇರುವುದನ್ನು ಕಲಿಯಬೇಕು. ಹೊಯಿಗೆಯೊಳಗೆ ಮಳೆಯ ಸಿಹಿನೀರು ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ, ಹಾಲಿನ ಮೇಲೆ ಕೆನೆಯ ಹಾಗೆ. ಕಡಲಮಟ್ಟಕ್ಕಿಂತ ಒಂದಡಿ ಎತ್ತರಕ್ಕೆ ಸಿಹಿನೀರು ನಿಂತರೆ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆಂಬುದು ಲೆಕ್ಕ. ಅದನ್ನೇ ತಿರುಗಿಸಿ ನೋಡಿ. ಪಂಪು ಹಾಕಿ ಒಂದಡಿ ಇಳಿಸಿದರೆ ಕೆಳಗಿನ ಉಪ್ಪು 40 ಅಡಿ ಮೇಲೇರಲು ಹೊರಡುತ್ತದೆ. ಬೋರು ಕೊರೆಸಿ ಅಕ್ಕಪಕ್ಕದ ಬಾವಿಗಳನ್ನೂ ಕೆಡಿಸಿದವರಿದ್ದಾರೆ. ಸಿ.ಆರ್.ಝಡ್. ಒಳಗೆ ಅದಕ್ಕೆ ನಿರ್ಬಂಧವೂ ಇದೆ.

ನಮ್ಮದು 14 ಅಡಿಯ ರಿಂಗಿನ ಬಾವಿ, ದಿನಕ್ಕೆ ಎರಡು ಸಲ ಸ್ವಲ್ಪ ಸ್ವಲ್ಪ ನೀರೆತ್ತುತ್ತೇವೆ. ಮಾಡಿನ ನೀರು ಸೋಸಿ ಅದಕ್ಕೇ ಇಳಿಯುತ್ತದೆ. ಸಾವಿರ ಚದರಡಿ ಮಾಡಿನ ಮೇಲೆ ನಮ್ಮ ಮಳೆಗೆ ವರ್ಷಕ್ಕೆ 3 ಲಕ್ಷ ಲೀಟರಿಗೂ ಹೆಚ್ಚು ಬೀಳುತ್ತದೆ. ಶೌಚದ ಗುಂಡಿಯನ್ನು ಬಾವಿಯಿಂದ ಏಳೂವರೆ ಮೀಟರ್ ದೂರ ಇಡಬೇಕೆಂಬುದು ನಿಯಮ. ಹೊಯಿಗೆಯಲ್ಲಿ ನೀರು ಬೇಗ ಹರಿಯುವುದರಿಂದ ನಾವು ಜಾಗದ ಎರಡು ತುದಿಗೆ ಇಟ್ಟೆವು.

ಫ್ರಿಜ್ಜು, ಎ.ಸಿ., ಟಿವಿ ಎಲ್ಲ ಬೇಗ ಹಾಳಾಗುತ್ತದಂತೆ?

ಆಗುತ್ತದೆ. ಜನವರಿಯ ಬೆಳಗ್ಗೆ ಪಡುಕಿಟಕಿಯ ಗಾಜಿನ ಮೇಲೆ ಬೆರಳೆಳೆದು ನಾಲಿಗೆಗೆ ಮುಟ್ಟಿಸಿದರೆ ಉಪ್ಪೇ. ಎ.ಸಿ.ಯ ಹೊರಪೆಟ್ಟಿಗೆಯನ್ನು ಮೂಡುಗೋಡೆಗೆ ಇಟ್ಟಿದ್ದೇವೆ, ತಿಂಗಳಿಗೊಮ್ಮೆ ಸಿಹಿನೀರಿನಲ್ಲಿ ತೊಳೆಯುತ್ತೇವೆ. ಅಡುಗೆಮನೆಯೂ ಮೂಡುಬದಿಗೆ.

ಮನೆ ಚೆನ್ನಾಗಿದೆ ಅನ್ನುತ್ತೀರಿ, ತಪ್ಪಾದದ್ದು ಏನೂ ಇಲ್ಲವಾ?

ಚಾವಡಿಯ ಜಾರುವ ಗಾಜಿನ ಬಾಗಿಲು. ಇಡೀ ಗೋಡೆ ಬೇಡ, ಅದಾದರೂ ಇರಲಿ ಎಂದು ನಾನೇ ಹಟ ಮಾಡಿ ಹಾಕಿಸಿದ್ದು. ಮೊದಲ ಆಟಿ ತಿಂಗಳ ಮಳೆಯಲ್ಲಿ, ಸಲಕೆಯ ತಟ್ಟಿ ಇನ್ನೂ ಬಂದಿರಲಿಲ್ಲ, ರಾತ್ರಿ ಎರಡು ಗಂಟೆಗೆ ಕಾಲಿಗೆ ತಣ್ಣಗಾಯಿತೆಂದು ಅತ್ತೆ ಕೂಗಿದರು. ಚಾವಡಿಯಲ್ಲಿ ನೀರು, ಅದರಲ್ಲಿ ಮಗಳ ಚಪ್ಪಲಿ ತೇಲುತ್ತಿದೆ. ಬಾಗಿಲ ಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಕೂರಿಸಲು ಬಂದ ಹುಡುಗ ಚಂದ ಕಾಣಲೆಂದು ಅವನ್ನೆಲ್ಲ ಸಿಲಿಕೋನ್ ಹಾಕಿ ಮುಚ್ಚಿದ್ದ! ಕಂಪನಿಯವರು ಫೋನಿನಲ್ಲಿ ಗಾಳಿಯನ್ನು ದೂರಿದರು. ಹೆಣಿಗೆ ಸೂಜಿಯಿಂದ ನಾನೇ ಬಿಡಿಸಿದೆ. ಈಗಲೂ ಮೇ ತಿಂಗಳಲ್ಲಿ ಅದೇ ಸೂಜಿ ಹಿಡಿದು ಒಂದೊಂದು ತೂತನ್ನೂ ಚುಚ್ಚಿ ನೋಡುತ್ತೇನೆ.

## ಇನ್ನೂ ಆಳಕ್ಕಿಳಿದವರಿಗೆ

ಕಡಲು ಒಳಗೆ ಬರುತ್ತಿದೆ. ಮೂವತ್ತು ವರ್ಷದ ಮೇಲೆ ನಿಮ್ಮ ಮನೆ ಇರುತ್ತದಾ?

ಮುಸೋಡಿಯಲ್ಲಿ, ತೃಕ್ಕನ್ನಾಡಿನಲ್ಲಿ ಕಡಲ ಕೊರೆತ ನೋಡಿದವರ ಪ್ರಶ್ನೆ ಇದು. 2021ರ ಮೇ ತಿಂಗಳ ತೌಕ್ತೆ ಚಂಡಮಾರುತದ ಮೂರು ದಿನ ನಾವೂ ಚೀಲ ಕಟ್ಟಿ ಕೂತಿದ್ದೆವು. ಕಲ್ಲು ತಡೆಗೋಡೆ ಹಾಕಿದಲ್ಲಿ ಆ ಜಾಗ ಉಳಿಯುತ್ತದೆ, ಆದರೆ ಗೋಡೆಯ ತುದಿ ಮುಗಿದ ಕೂಡಲೇ ಪಕ್ಕದ ತೀರ ಹೆಚ್ಚು ಕೊಚ್ಚಿಹೋಗುತ್ತದೆ, ಹೊಯಿಗೆಯ ಓಟ ಅಲ್ಲಿ ಕಡಿದಿರುತ್ತದೆ. ಮನೆಯೊಂದು ತನ್ನಷ್ಟಕ್ಕೆ ಮಾಡಬಹುದಾದದ್ದು ಕಡಿಮೆ. ದೂರ ಉಳಿಯುವುದು, ನೆಲ ಎತ್ತರಿಸುವುದು, ಮುಂದಿನ ಹೊಯಿಗೆದಿಬ್ಬವನ್ನು ಮುಟ್ಟದಿರುವುದು. ದಿಬ್ಬ ಸಮತಟ್ಟು ಮಾಡಿ ಹುಲ್ಲುಹಾಸು ಹಾಕಿದರೆ ನೋಟ ಚಂದ, ಅದು ನಿಷಿದ್ಧವೂ ಹೌದು. ನಮ್ಮ ಎದುರಿನ ದಿಬ್ಬದಲ್ಲಿ ಅಡುಂಬು ಬಳ್ಳಿ ತಾನೇ ಹಬ್ಬಿದೆ, ಹಿಂದೆ ಮುಂಡುಗ, ಅದರ ಹಿಂದೆ ನಾವು ನೆಟ್ಟ ಸುರಹೊನ್ನೆ. ಪಡುಬದಿಯ ಪಾಗಾರ ಕಲ್ಲಿನದ್ದಲ್ಲ, ಬೇಲಿ.

ಸೋಲಾರ್ ಉಪ್ಪುಗಾಳಿಗೆ ತಡೆಯುತ್ತದಾ?

ಐ.ಇ.ಸಿ. 61701 ಎಂಬ ಉಪ್ಪುಮಂಜಿನ ಪರೀಕ್ಷೆ ಪಾಸಾದ ಪ್ಯಾನೆಲ್ ಕೇಳಿ. ಪ್ಯಾನೆಲಿಗಿಂತ ಮೊದಲು ಹಾಳಾಗುವುದು ಅದರ ಕಬ್ಬಿಣದ ಕಾಲು ಮತ್ತು ಬೋಲ್ಟು. ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವಾಟಿಗೆ ಕೇಂದ್ರದಿಂದ 78,000 ರೂಪಾಯಿ ಸಿಗುತ್ತದೆ, ಅದರಲ್ಲಿ ಒಂದು ಪಾಲು ಒಳ್ಳೆಯ ಬೋಲ್ಟಿಗೆ ಹಾಕಿ.

ರಾತ್ರಿ ಪಡುಬದಿಯ ದೀಪ ಯಾಕೆ ಹಾಕುವುದಿಲ್ಲ? ಮನೆ ಕಾಣುವುದೇ ಇಲ್ಲ.

ಕಡಲಾಮೆಗಳಿಗಾಗಿ. ನೀಲೇಶ್ವರದ ತೈಕಡಪ್ಪುರಂ ತೀರದಲ್ಲಿ ಮೊಟ್ಟೆಗಳನ್ನು ಕಾದು ಮರಿ ಮಾಡಿ ಬಿಡುವುದನ್ನು ಶಾಲೆಯ ಮಕ್ಕಳ ಜೊತೆ ನೋಡಿದ್ದೆ. ಹೊರಬಂದ ಮರಿ ಬೆಳಕಿದ್ದಲ್ಲಿಗೆ ಓಡುತ್ತದೆ. ಅದಕ್ಕೆ ಗೊತ್ತಿರುವ ಬೆಳಕು ಕಡಲಿನದ್ದೊಂದೇ, ಮನೆಯ ಟ್ಯೂಬ್‌ಲೈಟಲ್ಲ. ಜಗಲಿಯಲ್ಲಿ ಮೊಣಕಾಲೆತ್ತರಕ್ಕೆ, ಕೆಳಮುಖವಾಗಿ, ಹಳದಿ ದೀಪ ಮಾತ್ರ.

ಇನ್ನೊಮ್ಮೆ ಕಟ್ಟುವುದಾದರೆ ಏನು ಬದಲಿಸುತ್ತೀರಿ?

ಗಾಜಿನ ಬಾಗಿಲು ಬೇಡ, ಹಲಸಿನ ನಾಲ್ಕು ಹಲಗೆಯ ಬಾಗಿಲು ಸಾಕು. ಜಗಲಿ 11 ಅಡಿ ಇರಲಿ. ಇನ್ನೊಂದು, ಅತ್ತೆಯ ಕೋಣೆ. ಮಳೆಗಾಲದ ಗೌಜಿ ಅವರಿಗೆ ಕೇಳದಿರಲಿ ಎಂದು ಮೂಡುಬದಿಗೆ ಇಟ್ಟಿದ್ದೆವು, ಆರ್ಕಿಟೆಕ್ಟೂ ಒಪ್ಪಿದ್ದರು. ಒಕ್ಕಲಿನ ರಾತ್ರಿಯೇ ಅವರು ಚಾಪೆ ಸುತ್ತಿಕೊಂಡು ಚಾವಡಿಗೆ ಬಂದರು. ಕಡಲಿನ ಶಬ್ದ ಕೇಳದೆ ನಿದ್ದೆ ಹತ್ತುವುದಿಲ್ಲವಂತೆ. ಅಂದಿನಿಂದ ಅವರು ಮಲಗುವುದು ಅಲ್ಲೇ. ಈಗ ಜಗಲಿಯ ತೆಂಕು ತುದಿಗೆ ಒಂದು ಮಂಚ ಹಿಡಿಯುವಷ್ಟು ಮುರಕಲ್ಲಿನ ಗೋಡೆ ಎಬ್ಬಿಸಲು ನಕ್ಷೆ ಬರೆಸಿದ್ದೇವೆ. ಅರ್ಜಿ ಕೊಟ್ಟಾಗಿದೆ, ಕನ್ನಡದಲ್ಲಿ.